ಮಿಲಿಟರಿ ಅಜ್ಜನ ಕಾಗದ



ಹೋದ ತಿಂಗಳು ಕ್ಯಾಲಿಫೋರ್ನಿಯಾದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದ್ದಳು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಆಕೆ ನರ್ಸ್ ಆಗಿದ್ದಾಳೆ. ಜೊತೆಯಲ್ಲಿ ಕೆಲಸ ಮಾಡುವ ಫಿಲಿಪ್ಪೀನ್ಸ್ ಮೂಲದ ಗೆಳತಿಯ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಧ್ವಜದ ಕೆಳಗೆ ಜಪಾನೀಯರ ವಿರುದ್ಧ ಹೋರಾಡಿದವರಂತೆ. ಅವರ ಶವಸಂಸ್ಕಾರಕ್ಕೆ ಮನೆಯವರು ಸಾಲ ಮಾಡಬೇಕಾಯಿತೆಂದು ಗೆಳತಿ ಹೇಳಿದ ಕತೆಯನ್ನು ಈಕೆ ನನಗೆ ಹೇಳಿ, "ಸರ್, ನಮ್ಮ ಕಡೆ ಇಂಥವರಿಗೆ ಸರ್ಕಾರ ಏನು ಕೊಡುತ್ತದೆ?" ಎಂದು ಕೇಳಿದಳು. ನಾನು ತಟ್ಟನೆ ಉತ್ತರಿಸಲಿಲ್ಲ. ಲೈನು ಸರಿಯಿಲ್ಲವೆಂದು ನೆಪ ಹೇಳಿದೆ. ಲೈನು ಸರಿಯಾಗಿಯೇ ಇತ್ತು.

ಫಿಲಿಪ್ಪೀನ್ಸ್ ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ನಾಡು. 1941ರ ಜುಲೈಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಲ್ಲಿಯ ಪಡೆಗಳನ್ನು ಅಮೆರಿಕದ ಸೇವೆಗೆ ಕರೆದರು. ಯುದ್ಧ ಮುಗಿದು ವರ್ಷವೂ ತುಂಬದೆ, 1946ರ ಫೆಬ್ರವರಿಯಲ್ಲಿ, ಆ ಸೇವೆಯನ್ನು ಬಹುಪಾಲು ಸೌಲಭ್ಯಗಳ ಲೆಕ್ಕಕ್ಕೆ ಹಿಡಿಯಬಾರದೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿತು. ಉಳಿದ ಕೆಲವು ನೆರವುಗಳೂ ಡಾಲರಿಗೆ ಅರ್ಧ ಡಾಲರಿನ ದರದಲ್ಲಿದ್ದವು. ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಫಿಲಿಪಿನೋ ಯೋಧರಿಗೆ, ಕೆಲವು ಷರತ್ತುಗಳ ಮೇಲೆ, ಶವಸಂಸ್ಕಾರದ ನೆರವನ್ನು ಪೂರ್ಣ ದರದಲ್ಲಿ ಕೊಡುವ ಕಾನೂನು ಬಂದದ್ದು 2000ದಲ್ಲಿ. ಅಷ್ಟರಲ್ಲಿ ಎಷ್ಟು ಜನ ಮಣ್ಣಾಗಿದ್ದರೋ! ಗೆಳತಿಯ ಅಜ್ಜ ತೀರಿಕೊಂಡದ್ದು 1998ರಲ್ಲಿ.

ನಾನು ಉತ್ತರಿಸದೆ ಹೋದ ಕಾರಣವನ್ನು ಈಗ ಹೇಳಬೇಕು.

ಖಾನಾಪುರದ ಆಚೆ, ಕಾಡಿನ ಅಂಚಿನ ಆ ಶಾಲೆಯಲ್ಲಿ ಕಲಿತ ನಿಮಗೆಲ್ಲ ಗೇಟಿನ ಎದುರು ಪೆಪ್ಪರಮಿಂಟು, ಹುರಿಗಡಲೆ ಮಾರುತ್ತಿದ್ದ ಮಿಲಿಟರಿ ಅಜ್ಜನ ನೆನಪಿರಲೇಬೇಕು. ಖಾಕಿ ಕೋಟು, ತುದಿ ತಿರುವಿದ ಬಿಳಿ ಮೀಸೆ, ಅರ್ಧ ಮರಾಠಿ ಅರ್ಧ ಕನ್ನಡದ ಮಾತು. ಡಿಸೆಂಬರ್ 7ರಂದು, ಧ್ವಜ ದಿನಾಚರಣೆಗೆ, ನಾನು ಡಬ್ಬಿ ಹಿಡಿದು ನಿಮ್ಮ ಅಂಗಿಗೆ ಪುಟ್ಟ ಕಾಗದದ ಧ್ವಜ ಚುಚ್ಚುತ್ತಿದ್ದೆ. ಅಜ್ಜ ತಾನೇ ಎದ್ದು ಬಂದು, ಒಂದು ರೂಪಾಯಿ ಹಾಕಿ, ಧ್ವಜವನ್ನು ಕೋಟಿನ ಮೇಲೆ ಚುಚ್ಚಿಸಿಕೊಂಡು, ನನಗೊಂದು ಸೆಲ್ಯೂಟು ಹೊಡೆಯುತ್ತಿದ್ದ. "ಈ ರೊಕ್ಕ ಎಲ್ಲಿಗೆ ಹೋಗ್ತೈತ್ರೀ ಸರ್?" ಎಂದು ನಿಮ್ಮಲ್ಲೊಬ್ಬ ಕೇಳಿದಾಗ, "ದಿಲ್ಲಿಗೆ" ಎಂದು ಗದರಿ ಕೂರಿಸಿದ್ದೆ. ನನಗೂ ಗೊತ್ತಿರಲಿಲ್ಲ.

ಅಜ್ಜ ಮರಾಠಾ ಪಡೆಯ ಸಿಪಾಯಿ. ಬೆಳಗಾವಿಯ ರೆಜಿಮೆಂಟಲ್ ಸೆಂಟರಿನಲ್ಲಿ ತರಬೇತಿ ಪಡೆದು ಇಟಲಿಗೆ ಹೋದವನು. 1943ರ ಚಳಿಗಾಲದಲ್ಲಿ ಸಾಂಗ್ರೋ ಎಂಬ ನದಿಯನ್ನು ದಾಟಿದ ಕತೆಯನ್ನು, ಮಲಪ್ರಭೆಯ ಪ್ರವಾಹಕ್ಕೆ ಹೋಲಿಸಿ ಹೇಳುತ್ತಿದ್ದ. ಯುದ್ಧದ ಕಾಲದಲ್ಲಿ ಸುಮಾರು 25 ಲಕ್ಷಕ್ಕೆ ಬೆಳೆದಿದ್ದ ಭಾರತೀಯ ಸೇನೆ, ಯುದ್ಧ ಮುಗಿದೊಡನೆ ಲಕ್ಷಗಟ್ಟಲೆ ಜನರನ್ನು ಮನೆಗೆ ಕಳುಹಿಸಿತು. ಸಿಪಾಯಿಯ ಪಿಂಚಣಿಗೆ ಹದಿನೈದು ವರ್ಷಗಳ ಸೇವೆ ಬೇಕು. ಐದಾರು ವರ್ಷ ದುಡಿದವರಿಗೆ ಕೈಯಲ್ಲಿ ಒಂದಿಷ್ಟು ಇಡುಗಂಟು, ಒಂದು ಬಿಡುಗಡೆಯ ಕಾಗದ, ಅಷ್ಟೆ. ಸಾಂಗ್ರೋ ನದಿಯ ಬಳಿಯ ಯುದ್ಧ ಸ್ಮಶಾನದಲ್ಲಿ, ಧರ್ಮದಂತೆ ದಹನಗೊಂಡ ಭಾರತೀಯ ಸೈನಿಕರ ಹೆಸರುಗಳಿಗಾಗಿಯೇ ಒಂದು ಸ್ಮಾರಕವಿದೆ. ಅಲ್ಲಿಯೇ ಮಡಿದಿದ್ದರೆ ಅಜ್ಜನ ಹೆಸರೂ ಅದರಲ್ಲಿರುತ್ತಿತ್ತು. ಬದುಕಿ ಬಂದದ್ದರಿಂದ ಪೆಪ್ಪರಮಿಂಟು ಮಾರಿದ.

2001ರಲ್ಲಿ ಅಜ್ಜ ಎಣ್ಣೆಬಟ್ಟೆಯಲ್ಲಿ ಸುತ್ತಿದ ಆ ಕಾಗದವನ್ನು ನನ್ನ ಕೈಗಿತ್ತ. ಪಿಂಚಣಿಯಿಲ್ಲದ ಮಹಾಯುದ್ಧದ ಯೋಧರಿಗೆ ರಾಜ್ಯ ಸರ್ಕಾರ ತಿಂಗಳಿಗಿಷ್ಟೆಂದು ಕೊಡುವ ಸುದ್ದಿ ಅವನ ಕಿವಿಗೆ ಬಿದ್ದಿತ್ತು. "ಮಾಸ್ತರ, ಅರ್ಜಿ ನೀವು ಇಂಗ್ಲಿಷಿನಾಗ ಬರದ ಕೊಡ್ರಿ, ನಿಮ್ಮ ಅಕ್ಷರ ಛಲೋ ಅದಾವ." ಬರೆಯುತ್ತೇನೆಂದೆ. ಪರೀಕ್ಷೆ ಬಂತು, ಜನಗಣತಿಯ ಕೆಲಸ ಬಂತು. ಮರುವರ್ಷ ಜೂನಿನಲ್ಲಿ ನನಗೆ ವರ್ಗವಾಯಿತು. ಅಜ್ಜ ಎರಡು ಸಲ ಹುಡುಗರ ಕೈಯಲ್ಲಿ ಹೇಳಿ ಕಳುಹಿಸಿದ. ನಾನು ಕಪಾಟು ಹುಡುಕಿದೆ, ಸಿಗಲಿಲ್ಲ. "ನಿಮಗೇ ತಿರುಗಿ ಕೊಟ್ಟಿದ್ದೇನೆ, ಮನೆಯಲ್ಲಿ ನೋಡಿ" ಎಂದು ಚೀಟಿ ಬರೆದೆ. ಕೊಟ್ಟ ನೆನಪು ನಿಜವಾಗಿಯೂ ಇತ್ತೇ? ಇತ್ತೆಂದು ನನಗೆ ನಾನೇ ಹೇಳಿಕೊಂಡೆನೆಂದು ಬರೆದರೆ ಸತ್ಯಕ್ಕೆ ಹತ್ತಿರವಾದೀತು. ಮೂರನೆಯ ಸಲ ಯಾರೂ ಬರಲಿಲ್ಲ.

2009ರ ಆಷಾಢದಲ್ಲಿ ಅಜ್ಜ ತೀರಿಕೊಂಡ. ಖಾನಾಪುರದ ಮಳೆ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಒಣಕಟ್ಟಿಗೆ ಆ ತಿಂಗಳಲ್ಲಿ ಚಿನ್ನದ ಹಾಗೆ. ಕಟ್ಟಿಗೆ, ಸೀಮೆಎಣ್ಣೆ, ತಗಡಿನ ಮರೆ, ಬಂದವರ ಚಹಾ, ಹನ್ನೆರಡನೆಯ ದಿನದ ಊಟ ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ ಬಡ್ಡಿಯ ಸಾಲವಾಯಿತು. ಬಿ.ಪಿ.ಎಲ್. ಕಾರ್ಡಿನ ಮೇಲೆ ಸರ್ಕಾರದ ಅಂತ್ಯಸಂಸ್ಕಾರ ಯೋಜನೆಯ 1,000 ರೂಪಾಯಿ ಬಂತು, ತಡವಾಗಿ. (ಆ ಮೊತ್ತ ಮುಂದೆ 5,000 ಆಯಿತು.) ಮಾಜಿ ಸೈನಿಕನೆಂದು ಏನಾದರೂ ಸಿಗಬಹುದೆಂದು ಮೊಮ್ಮಗ ಒಂದು ಕಚೇರಿಗೆ ಹೋದ. ಕಚೇರಿಯ ಹೆಸರು ಬೇಡ. ಅಲ್ಲಿಯವರು ಸೈನಿಕ ನಂಬರ್ ಕೇಳಿದರು, ಡಿಸ್ಚಾರ್ಜ್ ಕಾಗದ ಕೇಳಿದರು. ಎರಡೂ ಇರಲಿಲ್ಲ. ಮರಾಠಾ ಪಡೆಯ ದಾಖಲೆ ಕಚೇರಿ ಇರುವುದು ನಮ್ಮ ಬೆಳಗಾವಿಯಲ್ಲಿಯೇ, ಖಾನಾಪುರದಿಂದ ಗಂಟೆಯ ದಾರಿ. ಆದರೆ ನಂಬರ್ ಇಲ್ಲದೆ ಅರವತ್ತು ವರ್ಷಗಳ ಹಿಂದಿನ ಸಿಪಾಯಿಯನ್ನು ಯಾರು ಹುಡುಕಿಯಾರು?

2013ರಲ್ಲಿ ಇಲ್ಲಿ ಮಹಾಂತೇಶ ನಗರಕ್ಕೆ ಮನೆ ಬದಲಿಸುವಾಗ, ಟ್ರಂಕಿನ ತಳದಲ್ಲಿದ್ದ ನನ್ನ ಬಿ.ಎಡ್. ಕಾಲದ ಮನಶ್ಶಾಸ್ತ್ರದ ನೋಟುಬುಕ್ಕಿನಿಂದ ಎಣ್ಣೆಬಟ್ಟೆಯ ಗಂಟು ಕೆಳಗೆ ಬಿತ್ತು. ಬಿಚ್ಚದೆಯೇ ತಿಳಿಯಿತು.

ಅದಾದ ಮೇಲೆಯೇ ನಾನು ನಿಯಮಗಳನ್ನು ಓದಿದ್ದು. ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿ ಎಂಬುದೊಂದಿದೆ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ನಡೆಯುತ್ತದೆ, ಅರ್ಜಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಿಂದ ಹೋಗುತ್ತದೆ. ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರು ತೀರಿಕೊಂಡಾಗ ಅಂತ್ಯಕ್ರಿಯೆಗೆಂದು ಅದರಲ್ಲಿ ನೆರವುಂಟು. ನಾನು ಓದಿದ ಯಾದಿಯಲ್ಲಿ ಅದು 5,000 ರೂಪಾಯಿ ಇತ್ತು. ಪಿಂಚಣಿಯಿಲ್ಲದ, 65 ದಾಟಿದ ಬಡ ಸೈನಿಕರಿಗೂ ಅವರ ವಿಧವೆಯರಿಗೂ ಮಾಸಿಕ ಸಹಾಯಧನವುಂಟು. 2025ರ ನವೆಂಬರಿನಿಂದ ಅದನ್ನು 4,000ದಿಂದ 8,000ಕ್ಕೆ ಏರಿಸಿದ್ದಾರೆ. ಈ ನಿಧಿಗೆ ಹಣ ಬರುವುದು ಎಲ್ಲಿಂದ? ಧ್ವಜ ದಿನದ ನಿಧಿಯಿಂದ. ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ, ಇದು ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ. ನಿಮ್ಮ ನಾಲ್ಕಾಣೆ, ಎಂಟಾಣೆಗಳು, ಅಜ್ಜ ಹಾಕಿದ ಒಂದು ರೂಪಾಯಿ, ಎಲ್ಲವೂ ಹೋದದ್ದು ಅಲ್ಲಿಗೆ. ಅವನ ಚಿತೆಗೆ ಮಾತ್ರ ಅದರಲ್ಲಿ ಒಂದು ಕಟ್ಟಿಗೆಯೂ ಬರಲಿಲ್ಲ.

ನಿಮ್ಮ ಮನೆಗಳಲ್ಲಿ ಸೈನ್ಯದಿಂದ ಬಂದ ಹಿರಿಯರಿದ್ದರೆ, ಡಿಸ್ಚಾರ್ಜ್ ಪುಸ್ತಕ ಎಲ್ಲಿದೆ ಎಂದು ಇಂದೇ ನೋಡಿರಿ. ಅದರಲ್ಲಿ ಹೆಂಡತಿಯ ಹೆಸರು ಸರಿಯಾಗಿದೆಯೇ, ಆಧಾರದ ಹೆಸರಿಗೆ ಹೊಂದುತ್ತದೆಯೇ ನೋಡಿರಿ. ಒಂದು ಪ್ರತಿ ತೆಗೆದಿಡಿ. ಬೇರೆಯವರ ಕೈಗೆ ಮೂಲಪ್ರತಿ ಕೊಡಬೇಡಿ, ಮಾಸ್ತರರ ಕೈಗೂ.

ಕಾಗದ ಸಿಕ್ಕ ಮರುದಿನವೇ ಬಸ್ಸು ಹತ್ತಿದೆ. ಅಂತ್ಯಕ್ರಿಯೆಯ ನೆರವನ್ನು ಕೇಳುವ ಕಾಲ ಎಂದೋ ಮೀರಿತ್ತು. ಆದರೆ ಅಜ್ಜಿ ಬದುಕಿದ್ದಳು. ಆ ಕಾಗದದ ನಂಬರಿನಿಂದ, ನಾಲ್ಕು ಸಲ ಕಚೇರಿ ಹತ್ತಿ ಇಳಿದ ಮೇಲೆ, ಅವಳಿಗೆ ಸಹಾಯಧನ ಮಂಜೂರಾಯಿತು. 2018ರಲ್ಲಿ ತೀರಿಕೊಳ್ಳುವವರೆಗೂ ಬಂತು. ಅರ್ಜಿ ಬರೆದದ್ದು ನಾನೇ, ಹನ್ನೆರಡು ವರ್ಷ ತಡವಾಗಿ.

ಮೊದಲ ದಿನ ಎಣ್ಣೆಬಟ್ಟೆಯ ಗಂಟನ್ನು ಮುಂದಿಟ್ಟು, ತಪ್ಪು ನನ್ನದೆಂದು ಹೇಳಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಬಯ್ದಿದ್ದರೆ ಹಗುರಾಗುತ್ತಿತ್ತು.

"ಮಾಸ್ತರ ಸುಳ್ಳ ಹೇಳಂಗಿಲ್ಲ ಅಂದಿದ್ದ. ನಾನ ಒಲಿಗಿ ಹಾಕಿದೆ ಅಂತ ಅಂವ ಸಾಯೂತನಕ ಬೈತಿದ್ದ" ಎಂದಳು. ಗಂಟು ಎತ್ತಿಕೊಂಡು ಗೋಡೆಯ ಮೇಲಿನ ಫೋಟೋದ ಹತ್ತಿರ ಹೋಗಿ, ಕಾಗದ ಬಿಚ್ಚಿ, ಅವನಿಗೆ ಕಾಣುವ ಹಾಗೆ ಎತ್ತಿ ಹಿಡಿದಳು.