ಗುರುಗಳು ಕಟ್ಟಿದ ವ್ಯೂಹ

ಕುಣಿಯಬಲ್ಲೆನೆಂಬ ಭ್ರಮೆ ನನಗೆ ಎಳವೆಯಿಂದಲೇ ಇತ್ತು. ಊರ ಗದ್ದೆಯಲ್ಲಿ ಆಟವಾದ ಮರುದಿನ ಅಡಿಕೆಹಾಳೆಯನ್ನು ತಲೆಗೆ ಕಟ್ಟಿಕೊಂಡು ಅಂಗಳದ ತುಂಬ ಹಾರುತ್ತಿದ್ದವನು ನಾನು. ಆದ್ದರಿಂದ ಕಾಲೇಜು ವಾರ್ಷಿಕೋತ್ಸವಕ್ಕೆ ‘ಅಭಿಮನ್ಯು ಕಾಳಗ’ವೆಂದು ನಿಶ್ಚಯವಾಗಿ, ಅಭಿಮನ್ಯುವಿನ ಪಾತ್ರ ನನ್ನ ಪಾಲಿಗೇ ಬಂದಾಗ ನನಗಂತೂ ಆಶ್ಚರ್ಯವಾಗಲಿಲ್ಲ.

ಕಲಿಸಲು ಬಂದವರು ಬಡಗುತಿಟ್ಟಿನ ಹಿರಿಯ ವೇಷಧಾರಿಗಳು. ನಲವತ್ತು ವರ್ಷ ಮೇಳದಲ್ಲಿ ತಿರುಗಾಟ ಮಾಡಿದವರು. ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ಮೆಟ್ಟಿಲೇರುತ್ತಿದ್ದ ಆ ಸಣಕಲು ಮುದುಕರನ್ನು ಕಂಡು, ‘ಇವರೇನು ಕುಣಿಸಿಯಾರು!’ ಎಂದು ನಾವು ಕಣ್ಣಿನಲ್ಲೇ ನಕ್ಕೆವು.

ಮೊದಲ ವಾರ ಅವರು ಕುಣಿಸಲೇ ಇಲ್ಲ. ಸಾಲಾಗಿ ಕೂರಿಸಿ ಕೈಯಲ್ಲಿ ತಾಳ ಹಾಕಿಸಿದರು. ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ತ್ರಿವುಡೆಯಲ್ಲಿ ನಾನು ದಿನವೂ ಎಡವಿದೆ. “ಕೈಗೆ ಬಾರದ್ದ್ ಕಾಲಿಗೆ ಬತ್ತಿಲ್ಲೆ ಮಾಣಿ” ಎಂದರು. ಮೊಬೈಲಿನಲ್ಲಿ ನೋಡಿ ಕಲಿತ ನನ್ನ ಹೆಜ್ಜೆಗಳೆಲ್ಲ ಅಲ್ಲಿಗೆ ನಿಷ್ಪ್ರಯೋಜಕವಾದವು.

ಎರಡನೆಯ ವಾರ ಹೆಜ್ಜೆ ಬಂತು. ಭಾಗವತರ ಪದ, ಮದ್ದಳೆಯ ನುಡಿ, ಚೆಂಡೆಯ ಪೆಟ್ಟು ಈ ಮೂರನ್ನೂ ಕೇಳುತ್ತಲೇ ಕಾಲಿಡಬೇಕು. ಯುದ್ಧಕ್ಕೆ ಹೊರಟವನ ನಡೆ ಬೇರೆ, ತಾಯಿಯ ಅಪ್ಪಣೆ ಕೇಳುವವನ ನಡೆ ಬೇರೆ. ನಮ್ಮ ಕನ್ನಡ ಅಧ್ಯಾಪಕರು ಆಗ ನನಗೆ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವನ್ನು ಕೊಟ್ಟರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥವದು. ಕಾರಂತರು ಮುಂದೆ ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕಡಿಮೆ ಮಾಡಿ, ಹಾಡು ಕುಣಿತಗಳಿಂದಲೇ ಕಥೆಯನ್ನು ನಡೆಸಿದರು. ಕಾಲಿನಿಂದಲೂ ಕಥೆ ಹೇಳಬಹುದೆಂಬುದು ನನಗೆ ಹೊಸ ವಿಚಾರವಾಗಿತ್ತು.

ಚಕ್ರವ್ಯೂಹದ ಸಂಯೋಜನೆಯನ್ನು ಗುರುಗಳು ಅಡಿಕೆಗಳಿಂದ ತೋರಿಸಿದರು. ನೆಲದ ಮೇಲೆ ಏಳು ಅಡಿಕೆಗಳ ಸುತ್ತು. ನಡುವೆ ಒಂದು ಹುಣಸೆಬೀಜ. ಪದದ ಪ್ರತಿ ಆವೃತ್ತಿಗೂ ಅಡಿಕೆಗಳನ್ನು ಒಂದೊಂದು ಬೆರಳಿನಷ್ಟು ಒಳಕ್ಕೆ ಸರಿಸಿದರು. ಬೀಜ ನಾನು. ಸುತ್ತು ಕಿರಿದಾದಂತೆ ನನ್ನ ಹೆಜ್ಜೆಯೂ ಕಿರಿದಾಗಬೇಕು. ಕೊನೆಗೆ ಕಾಲು ನಿಂತು, ಕಣ್ಣು ಮಾತ್ರ ಸುತ್ತಬೇಕು.

ನನಗೆ ನಿರಾಶೆಯಾಯಿತು. ಮೊಣಕಾಲೂರಿ ಗಿರಗಿರನೆ ಸುತ್ತುವ ಮಂಡಿ ಕುಣಿತವಿಲ್ಲದೆ ಜನ ಮೆಚ್ಚುವುದುಂಟೆ? ಕೇಳಿಯೇ ಬಿಟ್ಟೆ.

“ಮಂಡಿ ಹಾಕುಕೆ ಜಾಗ ಎಲ್ಲಿತ್ತ್ ಮಾಣಿ?” ಎಂದು ಅವರು ಅಡಿಕೆಗಳನ್ನು ತೋರಿಸಿ ನಕ್ಕರು.

ವಾರ್ಷಿಕೋತ್ಸವದ ರಾತ್ರಿ ಕೇದಗೆ ಮುಂದಲೆ ಕಟ್ಟಿ, ಗೆಜ್ಜೆ ತೊಟ್ಟು ರಂಗಕ್ಕೆ ಬಂದೆ. ಪ್ರವೇಶಕ್ಕೇ ಚಪ್ಪಾಳೆ ಬಿತ್ತು. ಅದರ ಅಮಲು ಏರಿತೆನ್ನಬೇಕು. ವ್ಯೂಹ ಬಿಗಿಯಾಗುತ್ತಿದ್ದ ಹೊತ್ತಿಗೆ ನಾನು ಮಂಡಿ ಹಾಕಿದೆ. ಒಂದು, ಎರಡು, ಮೂರು ಸುತ್ತು. ಸಭೆ ಶಿಳ್ಳೆ ಹೊಡೆಯಿತು. ನಾಲ್ಕನೆಯದಕ್ಕೆ ನನ್ನ ಕಾಲು ಕರ್ಣನಾಗಿದ್ದ ಗೆಳೆಯನ ಮೊಣಕಾಲಿಗೆ ಬಡಿಯಿತು. ಅವನು ಕುಸಿದ, ಸುತ್ತು ಒಡೆಯಿತು, ತಾಳ ತಪ್ಪಿತು. ಚೆಂಡೆಯವರು ಹೇಗೋ ಮುಕ್ತಾಯ ನುಡಿಸಿ ನಮ್ಮ ಮಾನ ಕಾಪಾಡಿದರು. ಜನರಿಗೆ ಅದೊಂದೂ ತಿಳಿದಂತಿರಲಿಲ್ಲ. ಚಪ್ಪಾಳೆ ಬೀಳುತ್ತಲೇ ಇತ್ತು.

ಚೌಕಿಗೆ ಬಂದಾಗ ಗುರುಗಳು ಗೆಳೆಯನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದರು. ನನ್ನನ್ನು ಬೈಯಲಿಲ್ಲ. “ಚಪ್ಪಾಳೆ ಬಿತ್ತ್. ಆದ್ರೆ ಅಭಿಮನ್ಯು ಎಲ್ಲ್ ಹೋದ?” ಎಂದಷ್ಟೇ ಕೇಳಿದರು. ಉತ್ತರ ಕೊಡಲಾರದೆ ನಾನು ಬಣ್ಣ ಒರೆಸಿಕೊಳ್ಳತೊಡಗಿದೆ. ತುಸು ಹೊತ್ತಿನ ಮೇಲೆ ಅವರು ತಮ್ಮ ಪಂಚೆಯನ್ನು ಮಡಚಿ, ಊದಿದ ಎರಡು ಮೊಣಕಾಲುಗಳನ್ನೂ ತೋರಿಸಿದರು. “ಇದೂ ಚಪ್ಪಾಳೆಗೇ ಹೋದ್ದ್” ಎಂದರು.

ವ್ಯೂಹವನ್ನು ಹೊಕ್ಕು ಹೊರಬರಲರಿಯದವನು ಅಭಿಮನ್ಯು. ಹೊಗುವ ಮೊದಲೇ ಹೊರಬಿದ್ದವನು ನಾನು. ಗೆಳೆಯ ವಾರದಲ್ಲಿ ಗುಣವಾದ. ನನ್ನನ್ನು ಕ್ಷಮಿಸಿಯೂ ಬಿಟ್ಟ. ಈಗ ಪ್ರತಿ ಭಾನುವಾರ ನಾವಿಬ್ಬರೂ ಗುರುಗಳ ಮನೆಯ ಜಗಲಿಯಲ್ಲಿ ಕುಳಿತಿರುತ್ತೇವೆ. ಅವನು ಹೆಜ್ಜೆ ಕಲಿಯುತ್ತಿದ್ದಾನೆ. ನಾನು ಇನ್ನೂ ತ್ರಿವುಡೆಯಲ್ಲಿದ್ದೇನೆ.