ಅರಮನೆಯ ಬಾಗಿಲಲ್ಲಿ ಕಲಿತ ಪಾಠ

ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತ ಬೋಧಿಸಿದ ನಾವು ಅರುವತ್ತರಲ್ಲಿ ಒಂದು ಪಾಠ ಕಲಿಯಬೇಕಾಯಿತು. ಜಂಬೂಸವಾರಿಯನ್ನು ಮೈಸೂರು ಅರಮನೆಯ ಆವರಣದಲ್ಲಿ ಕುಳಿತು ನೋಡಬೇಕೆಂಬುದು ನಮ್ಮ ಗೃಹಿಣಿಯ ಬಹುಕಾಲದ ಆಸೆ. 2024ರಲ್ಲಿ ದಸರೆಯ ಸರಕಾರಿ ಜಾಲತಾಣವನ್ನು ನಾವು ನೋಡುವಷ್ಟರಲ್ಲಿ ಟಿಕೆಟ್ಟು ಮುಗಿದಿದ್ದುವು. ಆಗ ವಾಟ್ಸಾಪಿನಲ್ಲಿ ಅಪರಿಚಿತನೊಬ್ಬನು, “ಎರಡೇ ಉಳಿದಿವೆ, ಅರ್ಧ ಗಂಟೆಯಲ್ಲಿ ಹಣ ಕಳುಹಿಸಿರಿ” ಎಂದನು. ಆತುರದಲ್ಲಿ ವಿವೇಕವೆಲ್ಲಿ? ಕಳುಹಿಸಿದೆವು, ಟಿಕೆಟ್ಟಿನ ಚಿತ್ರವೂ ಬಂದಿತು.

ವಿಜಯದಶಮಿಯಂದು ಬಾಗಿಲಲ್ಲಿ ತಡೆದರು. ಅದೇ ಸಂಖ್ಯೆಯ ಟಿಕೆಟ್ಟಿನವರು ಆಗಲೇ ಒಳಗೆ ಕುಳಿತಿದ್ದರು! ರೇಷ್ಮೆ ಸೀರೆಯುಟ್ಟು ಬಂದಿದ್ದ ಆಕೆ ಒಂದು ಮಾತನ್ನೂ ಆಡಲಿಲ್ಲ. ಅದೇ ನಮಗೆ ದೊಡ್ಡ ಶಿಕ್ಷೆ.

ಲಜ್ಜೆಯಿಂದ ಮೂರು ದಿನ ದೂರು ಕೊಡದಿದ್ದುದು ನಮ್ಮ ಎರಡನೆಯ ತಪ್ಪು. ವಂಚನೆ ತಿಳಿದೊಡನೆ 1930ಕ್ಕೆ ದೂರವಾಣಿ ಮಾಡಿದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವವುಂಟು. ವಾಚಕರೆ, ಟಿಕೆಟ್ಟನ್ನು ಉತ್ಸವದವರೇ ಪ್ರಕಟಿಸಿದ ತಾಣದಲ್ಲಿ ಕೊಳ್ಳಿರಿ. ಅವಸರಪಡಿಸುವವನನ್ನು ದೂರವಿಡಿರಿ. ಹಣ ಹಿಂದಿರುಗಿಸುವೆನೆಂದು ಪಿನ್ ಒತ್ತಿಸುವವನನ್ನು ನಂಬಬೇಡಿರಿ. ಹಣ ಪಡೆಯಲು ಪಿನ್ ಬೇಕಿಲ್ಲ.

ಆ ದಿನ ನಾವಿಬ್ಬರೂ ಸಯ್ಯಾಜಿರಾವ್ ರಸ್ತೆಯ ಜನಸಂದಣಿಯ ಹಿಂದೆ ನಿಂತು, ಚಿನ್ನದ ಅಂಬಾರಿಯಲ್ಲಿ ಬಂದ ತಾಯಿ ಚಾಮುಂಡೇಶ್ವರಿಗೆ ಕೈಮುಗಿದೆವು. ಅದಕ್ಕೆ ಟಿಕೆಟ್ಟು ಬೇಕಾಗಿರಲಿಲ್ಲ.