ಸಂಜೆ ಹಸಿವಿಗೆ ದಾವಣಗೆರೆ ಡಬ್ಬಿ

ದಾವಣಗೆರೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಬೆಣ್ಣೆ ದೋಸೆ. ಆದರೆ ಆ ಊರಿನ ಮನೆಗಳಲ್ಲಿ ಸಂಜೆಯಾದರೆ ಮಂಡಕ್ಕಿಯದೇ ದರ್ಬಾರು. ಬೆಂಗಳೂರು, ಮೈಸೂರು ಕಡೆಯವರು ಇದನ್ನೇ ಪುರಿ ಅಂತೀವಿ. ಹುಬ್ಬಳ್ಳಿ ಕಡೆ ಚುರಮುರಿ, ರಾಯಚೂರು ಕಡೆ ಮಂಡಾಳು. ಹೆಸರು ಯಾವುದಾದರೂ ಇರಲಿ, ಹಸಿದ ಮಕ್ಕಳ ಕೈ ಮೊದಲು ಹೋಗೋದು ಅದರ ಡಬ್ಬಿಗೇ.

ಈ ಬೇಸಿಗೆ ರಜೆಯಲ್ಲಿ ಮಕ್ಕಳಿಬ್ಬರನ್ನೂ ಕರೆದುಕೊಂಡು ನಾಲ್ಕು ದಿನ ಅಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ಬೆಂಗಳೂರಿನಿಂದ ಸುಮಾರು 260 ಕಿ.ಮೀ. ದಾರಿ. ಮರುದಿನ ಬೆಳಿಗ್ಗೆಯೇ ಮಕ್ಕಳಿಗೆ ಮಂಡಕ್ಕಿ ಭಟ್ಟಿ ತೋರಿಸಲು ಹೊರಟೆವು. ಭಟ್ಟಿಗಳಿರುವ ಇಡೀ ಬಡಾವಣೆಗೇ ಅಲ್ಲಿ ಅದೇ ಹೆಸರು.

ಒಳಗೆ ಕಾಲಿಟ್ಟರೆ ಹೊಗೆ, ಧಗೆ. ಭತ್ತವನ್ನು ಬಿಸಿನೀರಲ್ಲಿ ನೆನೆಸಿ, ಕಾಯಿಸಿ, ಒಣಗಿಸಿ, ಹೊಟ್ಟು ತೆಗೆಸಿ ಅಕ್ಕಿ ಮಾಡ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಚ್ಚಿ, ಚೆನ್ನಾಗಿ ಕಾದ ಮರಳಿಗೆ ಸುರಿದರೆ ಸಾಕು. ಕಾಳಿನೊಳಗಿನ ತೇವ ಆವಿಯಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಅರಳಿ ಮಲ್ಲಿಗೆ ಮೊಗ್ಗಿನಂತಾಗುತ್ತದೆ. ಒಂಬತ್ತು ವರ್ಷದ ಮಗ ನೋಡಿ ನೋಡಿ ಕೇಳಿದ, "ಅಮ್ಮಾ, ಇದಕ್ಕೆ ಎಣ್ಣೆ ಯಾವಾಗ ಹಾಕ್ತಾರೆ?" ಹಾಕೋದೇ ಇಲ್ಲ ಅಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ಆ ಬೆಂಕಿ ಮುಂದೆ ಇಡೀ ದಿನ ನಿಲ್ಲುವವರನ್ನು ನೋಡಿದ ಮೇಲೆ, ಇಬ್ಬರೂ ತಟ್ಟೆಯಲ್ಲಿ ಒಂದು ಕಾಳೂ ಬಿಡಲಿಲ್ಲ.

ನಮ್ಮ ಮನೆಯ ಕಥೆ ನಿಮ್ಮಲ್ಲೂ ಇರಬಹುದು. ಮಕ್ಕಳು ಶಾಲೆಯಿಂದ ಬರೋದು ನಾಲ್ಕೂವರೆಗೆ. ನಾವು ಆಫೀಸಿನಿಂದ ಬರೋದು ಏಳಕ್ಕೆ. ಆ ಎರಡೂವರೆ ಗಂಟೆ ಅಜ್ಜಿಯ ಜೊತೆ. ಅಜ್ಜಿಗೆ ಮಂಡಿನೋವು, ಒಲೆ ಮುಂದೆ ನಿಲ್ಲೋಕಾಗಲ್ಲ. ಹೀಗಾಗಿ ಚಿಪ್ಸ್, ಬಿಸ್ಕತ್ತು. ಆಮೇಲೆ ರಾತ್ರಿ ಊಟಕ್ಕೆ ಕರೆದರೆ "ಹಸಿವಿಲ್ಲ".

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, "ಹುಡ್ರು ಹಸ್ಕೊಂಡು ಬಂದಾಗ ಒಲಿ ಹಚ್ಚಾಕೆ ಹೋಗಬಾರ್ದು ನೋಡವ್ವ. ಡಬ್ಬಿ ಮುಚ್ಚಳ ತೆಗದ್ರೆ ಸಾಕು ಅನ್ನಂಗಿರಬೇಕು" ಅಂದರು. ಅವರ ಡಬ್ಬಿ ಇರೋದು ಅಟ್ಟದ ಮೇಲಲ್ಲ, ನನ್ನ ಆರು ವರ್ಷದ ಮಗಳ ಕೈಗೆ ಎಟುಕುವ ಗೂಡಿನಲ್ಲಿ.

ಇನ್ನೊಂದು ಮಾತೂ ಹೇಳಿದರು: ಬರೀ ಮಂಡಕ್ಕಿ ಗಾಳಿ ಇದ್ದಂಗೆ, ಅರ್ಧ ಗಂಟೆಗೆ ಮತ್ತೆ ಹಸಿವು. ನಿಜವೇ. ಒಂದು ಕಪ್ ಮಂಡಕ್ಕಿ ತೂಗೋದು ಸುಮಾರು 15 ಗ್ರಾಂ ಅಷ್ಟೇ, ಅದೂ ಬಹುಪಾಲು ಪಿಷ್ಟ. ಹಸಿವು ತಡೆಯಬೇಕಾದರೆ ಜೊತೆಗೆ ಕಾಳು ಬೇಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಪುಟಾಣಿ, ಅಂದರೆ ನಮ್ಮ ಹುರಿಗಡಲೆಯಲ್ಲೂ ಸುಮಾರು 20 ಗ್ರಾಂ.

ಅವರ ಅಳತೆ ಇಷ್ಟು: ಮಂಡಕ್ಕಿ 200 ಗ್ರಾಂ, ಶೇಂಗಾ 150 ಗ್ರಾಂ, ಪುಟಾಣಿ 100 ಗ್ರಾಂ, ತೆಳುವಾಗಿ ಹೆಚ್ಚಿದ ಒಣಕೊಬ್ಬರಿ ಒಂದು ಹಿಡಿ. ಮೂರು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಶೇಂಗಾ ಹುರಿದು, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಗರಿಗರಿ ಆಗೋವರೆಗೆ ಬಾಡಿಸಿ. ಪುಟಾಣಿ, ಕೊಬ್ಬರಿ, ಚಿಟಿಕೆ ಅರಿಶಿನ ಹಾಕಿ ಒಲೆ ಆರಿಸಿ. ಆಮೇಲೆ ಮಂಡಕ್ಕಿ ಬೆರೆಸಿ. ಮಂಡಕ್ಕಿಯಲ್ಲೇ ಉಪ್ಪಿರೋದರಿಂದ ಮತ್ತೆ ಉಪ್ಪು ಬೇಡ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇದ್ದಾಗ ಮುಚ್ಚಿದರೆ ಮೆತ್ತಗಾಗುತ್ತೆ. ಈರುಳ್ಳಿ, ಟೊಮೆಟೊ, ನಿಂಬೆರಸ ಬೇಕಿದ್ದರೆ ತಿನ್ನೋ ಹೊತ್ತಿಗೆ ಸೇರಿಸಿಕೊಂಡರಾಯಿತು. ಐದು ವರ್ಷದೊಳಗಿನ ಮಕ್ಕಳಿದ್ದರೆ ಮಾತ್ರ ಇಡೀ ಶೇಂಗಾ, ಪುಟಾಣಿ, ಕೊಬ್ಬರಿ ಚೂರು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವನ್ನು ಪುಡಿ ಮಾಡಿ ಬೆರೆಸಿ.

ಬೆಂಗಳೂರಿಗೆ ಬಂದ ಮೇಲೆ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಇದಕ್ಕೇ ಮೀಸಲು. ಮಗ ಬೆಳ್ಳುಳ್ಳಿ ಬಿಡಿಸ್ತಾನೆ, ಮಗಳು ಕರಿಬೇವು. ವಾರದ ದಿನ ಇಬ್ಬರೂ ತಾವೇ ಬಟ್ಟಲಿಗೆ ಹಾಕಿಕೊಂಡು, ಜೊತೆಗೊಂದು ಬಾಳೆಹಣ್ಣು ತಗೊಂಡು, ಅಜ್ಜಿಗೂ ಒಂದು ಬಟ್ಟಲು ಕೊಡ್ತಾರೆ. ಚಿಪ್ಸ್ ಪೂರ್ತಿ ನಿಂತಿದೆ ಅಂತ ಹೇಳಲಾರೆ. ಆದರೆ ರಾತ್ರಿ ಎಂಟಕ್ಕೆ ತಟ್ಟೆ ಹಾಕಿದರೆ ಕರೆಯದೆಯೇ ಬಂದು ಕೂರ್ತಾರೆ. ನಮಗೆ ಬೇಕಾಗಿದ್ದೂ ಅಷ್ಟೇ ಅಲ್ವಾ?